ಸಂಪಾದಕರ ಉತ್ತರ: ಕಾರು ಮಾರಿದರೆ ಶಿರಸಿಗೆ ಹೋಗೋದು ಹೇಗೆ?

(ಕಾರವಾರದ ಕೋಡಿಬಾಗದಿಂದ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ: “ಯಜಮಾನರಿಗೆ ಕಣ್ಣು ಮಂಜಾಗಿದೆ. ನನಗೆ ಡ್ರೈವಿಂಗ್ ಬರುವುದಿಲ್ಲ. ಕಾರು ಮಾರೋಣ ಅಂತಿದ್ದೇವೆ. ಆದರೆ ಮಗಳಿರುವುದು ಶಿರಸಿಯಲ್ಲಿ, ನನ್ನ ತವರು ಅಘನಾಶಿನಿ. ಕಾರಿಲ್ಲದೆ ನಡೆಯುತ್ತಾ?”)

ಮಾರಿಬಿಡಿ, ಅಕ್ಕೋರೇ. ಮಂಜುಗಣ್ಣಲ್ಲಿ ಹೆದ್ದಾರಿಗಿಳಿಯುವುದಕ್ಕಿಂತ ಬಸ್ಸಿನ ಕಿಟಕಿ ಪಕ್ಕದ ಸೀಟೇ ವಾಸಿ.

ಕಾರವಾರ ಪೇಟೆಯೊಳಗಂತೂ ಕಾರು ಬೇಕೇ ಇಲ್ಲ. ಪಾರ್ಕಿಂಗ್ ಹುಡುಕುವ ಹೊತ್ತಲ್ಲಿ ಮೀನು ತಗೊಂಡು ವಾಪಸ್ ಬರಬಹುದು.

ಶಿರಸಿಗೆ ರೈಲಿಲ್ಲ, ಬಸ್ಸೇ ಗತಿ. ನೇರ ಬಸ್ಸು ತಪ್ಪಿದರೆ ಕುಮಟಾದಲ್ಲಿ ಇಳಿದು ಹತ್ತಿ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆಯಲ್ಲ, ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸಲ್ಲಿ ನಿಮಗೆ ಟಿಕೆಟ್ ಖರ್ಚಿಲ್ಲ. ಗೋವಾ ಬಸ್ಸಿಗೆ ಮಾತ್ರ ಇದು ನಡೆಯುವುದಿಲ್ಲ. ಯಜಮಾನರಿಗೆ 60 ದಾಟಿದ್ದರೆ ಶೇ 25 ರಿಯಾಯಿತಿ ಇದೆ, ಗುರುತಿನ ಚೀಟಿ ಜೇಬಲ್ಲಿರಲಿ. ದೇವಿಮನೆ ಘಟ್ಟದ ತಿರುವಲ್ಲಿ ಹೊಟ್ಟೆ ತೊಳೆಸಿದಂತಾದರೆ ಮುಂದಿನ ಸೀಟು ಹಿಡಿಯಿರಿ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಬಸ್ಸೂ ನಿಲ್ಲುತ್ತೆ, ಕಾರೂ ನಿಲ್ಲುತ್ತೆ. 2024ರ ಜುಲೈಯಲ್ಲಿ ಶಿರೂರಿನಲ್ಲಿ ನೋಡಿದೆವಲ್ಲ.

ತವರಿಗೆ ಹೋಗಲು ಕಾರಿಗಿಂತ ಒಳ್ಳೆಯ ದಾರಿಯೇ ಇದೆ. ಗೋಕರ್ಣಕ್ಕೆ ಹೋಗಿ, ತದಡಿಯಲ್ಲಿ ದೋಣಿ ಹತ್ತಿದರೆ ಆಚೆ ದಡವೇ ನಿಮ್ಮೂರು. ಕಾರಲ್ಲಾದರೆ ಹೆದ್ದಾರಿಗೆ ಬಂದು, ಕುಮಟಾ ಸುತ್ತಿ ಹೋಗಬೇಕು. ಹತ್ತುವಾಗ, ಇಳಿಯುವಾಗ ಯಜಮಾನರ ಕೈ ಹಿಡಿದುಕೊಳ್ಳಿ. ಅವರಿಗೆ ದೋಣಿ ಬೇಡ ಅಂದರೆ ರೈಲಲ್ಲಿ ಕುಮಟಾಕ್ಕೆ ಹೋಗಿ, ಅಲ್ಲಿಂದ ಬಸ್ಸು.

ಆದರೆ ರೈಲು ಅಂದಾಗ ಒಂದು ಹೊಟ್ಟೆಯುರಿ ಇದೆ. 1998ರಿಂದ ಕೊಂಕಣ ರೈಲು ಪೂರ್ತಿ ಓಡುತ್ತಿದೆ, ಸರಿ. ಕಾರವಾರದ ಸ್ಟೇಷನ್ ಇರುವುದು ಶಿರವಾಡದಲ್ಲಿ! ಗೋಕರ್ಣದ್ದೂ ಊರಿಂದ ದೂರ. ಪ್ಯಾಸೆಂಜರ್ ಟಿಕೆಟ್ಟಿಗಿಂತ ಆಟೋ ಬಾಡಿಗೆಯೇ ಜಾಸ್ತಿ. ನನ್ನ ಕೇಳಿದರೆ, ನಮ್ಮ ಕಡೆ ಮನೆಮನೆಗೂ ಕಾರು ಬಂದದ್ದು ದೂರದ ಊರಿನ ದೆಸೆಯಿಂದಲ್ಲ, ಈ ಕೊನೆಯ ನಾಲ್ಕಾರು ಕಿಲೋಮೀಟರಿನ ದೆಸೆಯಿಂದ. ಪ್ರತಿ ರೈಲಿಗೂ ಸ್ಟೇಷನ್ ಬಾಗಿಲಲ್ಲಿ ಒಂದು ಬಸ್ಸು ನಿಂತಿದ್ದರೆ ನೀವು ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಸದ್ಯಕ್ಕೆ ಒಂದು ಕೆಲಸ ಮಾಡಿ. ನಿಮ್ಮ ಕೇರಿಯ ನಂಬಿಕಸ್ಥ ಆಟೋದವರ ನಂಬರ್ ಇಟ್ಟುಕೊಳ್ಳಿ. ರಾತ್ರಿ ಆರೋಗ್ಯ ಕೆಟ್ಟರೆ 108 ಇದ್ದೇ ಇದೆ. ಕಾರಿನ ಸರ್ವಿಸ್, ಟೈರು, ಪೆಟ್ರೋಲಿಗೆ ಹೋಗುತ್ತಿದ್ದ ದುಡ್ಡನ್ನು ಬೇರೆ ತೆಗೆದಿಡಿ. ಆಟೋಕ್ಕೆ, ಟ್ಯಾಕ್ಸಿಗೆ ಅದರಲ್ಲೇ ಕೊಡಿ, ಜಿಪುಣತನ ಬೇಡ. “ಅಬ್ಬಾ, ಆಟೋಕ್ಕೆ ಇಷ್ಟಾ?” ಅಂತ ಯಜಮಾನರು ಗೊಣಗಿದರೆ, ಸುಮ್ನೆ ಹೋದ ವರ್ಷದ ಇನ್ಶೂರೆನ್ಸ್ ರಸೀದಿ ತೋರಿಸಿ.

— ಸಂಪಾದಕ