ಓದುಗರ ಪ್ರಶ್ನೆ: ಖಾತೆ ಅಜ್ಜನ ಹೆಸರಲ್ಲಿದೆ, ಹೋಮ್‌ಸ್ಟೇ ಮಾಡಬಹುದಾ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಹಳ್ಳಿ. ಕಾಫಿ ತೋಟದ ನಡುವೆ ಅಜ್ಜ ಕಟ್ಟಿಸಿದ ಹಂಚಿನ ಮನೆ. ಅಪ್ಪ, ಅಮ್ಮ, ನಾನು, ಹೆಂಡತಿ, ಮಗಳು ಇಲ್ಲೇ ಇದ್ದೇವೆ. ಮಹಡಿಯ ಮೂರು ಕೋಣೆ ಖಾಲಿ. ವೀಕೆಂಡ್ ಬಂತೆಂದರೆ ಪರಿಚಯದವರ ಪರಿಚಯದವರೆಲ್ಲ ಉಳಿಯಲು ಜಾಗ ಕೇಳುತ್ತಾರೆ. ಕದ್ದುಮುಚ್ಚಿ ಮಾಡೋದು ಬೇಡ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿಯೇ ಶುರು ಮಾಡೋಣ ಅಂತಿದ್ದೇವೆ. ತೋಟದಲ್ಲಿ ಎರಡು ಕಾಟೇಜ್ ಕೂಡ ಕಟ್ಟಿಸಿ ಅಂತ ಭಾವ ಹೇಳುತ್ತಾರೆ. ಅಂದ ಹಾಗೆ, ಮನೆ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇದೆ. ತೊಂದರೆ ಆಗುತ್ತಾ?

ಉತ್ತರ: ಆಗುತ್ತದೆ. 'ಅಂದ ಹಾಗೆ' ಅಂತ ಕೊನೆಯಲ್ಲಿ ಸೇರಿಸಿದ್ದೀರಲ್ಲ, ನಿಮ್ಮ ಅರ್ಧ ಓಡಾಟ ಅದಕ್ಕೇ ಹೋಗುವುದು. ಹೋಮ್‌ಸ್ಟೇ ಅರ್ಜಿ ತುಂಬುವುದು ಒಂದು ಸಂಜೆಯ ಕೆಲಸ. ಆದರೆ ಅರ್ಜಿಯ ಜೊತೆ ಮನೆ ನಿಮ್ಮದೇ ಅನ್ನುವುದಕ್ಕೆ ಕಾಗದ ಇಡಬೇಕು. ಕಾಗದದಲ್ಲಿ ತೀರಿಕೊಂಡವರ ಹೆಸರಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ.

ಹಾಗಾಗಿ ಮೊದಲು ನಾಡಕಚೇರಿ. ವಂಶವೃಕ್ಷ ಮಾಡಿಸಿ, ಅಜ್ಜನ ಮರಣ ಪ್ರಮಾಣಪತ್ರ ತೆಗೆಸಿ, ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಿ. ಇಲ್ಲಿ ಒಂದು ಮಾತು. ವಂಶವೃಕ್ಷ ಅಂದರೆ ಅಪ್ಪನ ಅಕ್ಕ-ತಂಗಿಯರಾದ ಅತ್ತೆಯಂದಿರೂ ಅದರಲ್ಲಿ ಬರುತ್ತಾರೆ, ಮದುವೆಯಾಗಿ ಎಷ್ಟೇ ವರ್ಷವಾಗಿರಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. 'ಅವರೇನೂ ಕೇಳಲ್ಲ ಬಿಡಿ' ಅಂದುಕೊಂಡು ಹೆಸರು ಬಿಟ್ಟು ಮಾಡಿಸಿದರೆ, ಹೋಮ್‌ಸ್ಟೇ ಚೆನ್ನಾಗಿ ನಡೆಯಲು ಶುರುವಾದ ದಿನವೇ ತಕರಾರು ಅರ್ಜಿ ಬೀಳುತ್ತದೆ, ನೋಡ್ತಾ ಇರಿ. ಈಗಲೇ ಎಲ್ಲರನ್ನೂ ಊಟಕ್ಕೆ ಕರೆದು, ವಿಷಯ ಹೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಎರಡನೆಯದು, ಮನೆ ನಿಂತಿರುವ ಜಾಗ. ಬಯಲುಸೀಮೆಯಲ್ಲಿ ಊರೆಲ್ಲ ಒಂದೇ ಕಡೆ ಇರುತ್ತದೆ. ಮನೆಗಳು ಗ್ರಾಮಠಾಣಾ (ಊರಿನ ಮನೆಗಳಿಗೆಂದು ಗುರುತಿಸಿದ ಜಾಗ) ಒಳಗೆ ಬರುತ್ತವೆ, ಪಂಚಾಯಿತಿಯಲ್ಲಿ ಮನೆಯ ಆಸ್ತಿ ದಾಖಲೆಯಾದ ಇ-ಸ್ವತ್ತು ನಮೂನೆ 9 ಮತ್ತು 11ಎ ಸಿಗುತ್ತದೆ. ಮಲೆನಾಡಿನಲ್ಲಿ ಹಾಗಲ್ಲ. ಒಂದೊಂದು ಮನೆ ಒಂದೊಂದು ತೋಟದಲ್ಲಿ. ಮನೆಯ ಕಾಗದ ಅಂತ ಕೇಳಿದರೆ ತುಂಬಾ ಜನ ತೋಟದ ಪಹಣಿ ತೋರಿಸುತ್ತಾರೆ, ಅದರಲ್ಲಿ ಮನೆಯ ಸುದ್ದಿಯೇ ಇರುವುದಿಲ್ಲ, ಕಾಫಿ ಮತ್ತು ಮೆಣಸು ಅಂತಷ್ಟೇ ಇರುತ್ತದೆ. ನಿಮ್ಮದೂ ಹೀಗೇ ಇದ್ದರೆ ಪಂಚಾಯಿತಿಯಲ್ಲಿ ಕಟ್ಟಿಕೊಂಡು ಬಂದ ಮನೆ ಕಂದಾಯದ ಹಳೇ ರಸೀದಿ, ಕರೆಂಟ್ ಬಿಲ್ ಎಲ್ಲ ಹುಡುಕಿ ತೆಗೆದು, ಪಂಚಾಯಿತಿಯ ಪಿಡಿಒ (ಅಭಿವೃದ್ಧಿ ಅಧಿಕಾರಿ) ಹತ್ತಿರ ಕೂತು ಮಾತಾಡಿ. ಹೇಗೂ ಪಂಚಾಯಿತಿಯ ನಿರಾಕ್ಷೇಪಣಾ ಪತ್ರಕ್ಕೆ ಅವರ ಹತ್ತಿರವೇ ಹೋಗಬೇಕು.

ಜಾಗದ ವಿಷಯ ಇಷ್ಟು ಎಳೆಯುತ್ತಿರುವುದಕ್ಕೆ ಕಾರಣ ಇದೆ. ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡೆ ನೆನಪಿದೆಯಲ್ವಾ? ವರ್ಷಗಟ್ಟಲೆ ವಿದೇಶಿಯರಿಂದ ಗಿಜಿಗುಡುತ್ತಿದ್ದ ಜಾಗ. 2020ರ ಫೆಬ್ರವರಿಯಲ್ಲಿ ಅಲ್ಲಿನ ಅಕ್ರಮ ರೆಸಾರ್ಟ್ ಕಟ್ಟಡಗಳನ್ನು ಕೆಡವುವ ಹೈಕೋರ್ಟಿನ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಜನ ಬರುತ್ತಿದ್ದಾರೆ, ದುಡ್ಡು ಆಗುತ್ತಿದೆ ಅನ್ನುವುದು ಜಾಗದ ಕಾಗದಕ್ಕೆ ಬದಲಿ ಆಗುವುದಿಲ್ಲ.

ಇನ್ನು ಭಾವನವರ ಕಾಟೇಜ್. ಬೇಡ. ನೀವೇ ವಾಸವಿರುವ ಮನೆಯ ಖಾಲಿ ಕೋಣೆ ಕೊಡುವುದು ಹೋಮ್‌ಸ್ಟೇ. ಕೃಷಿ ಜಮೀನಿನಲ್ಲಿ ಬಾಡಿಗೆಗೆ ಅಂತಲೇ ಹೊಸ ಕಟ್ಟಡ ಎಬ್ಬಿಸುವುದು ಬೇರೆ ವ್ಯವಹಾರ. ಅದಕ್ಕೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ, ಅಂದರೆ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸಲು ಅನುಮತಿ ಬೇಕು. ಸಾಲ ಬೇರೆ. 2025ರ ಕೇಂದ್ರ ಬಜೆಟ್‌ನಲ್ಲಿ ಹೋಮ್‌ಸ್ಟೇಗಳಿಗೆ ಮುದ್ರಾ ಸಾಲ ಅಂತ ಘೋಷಣೆ ಆಗಿದೆ, ನಿಜ. ಆದರೆ ಮಲೆನಾಡಿನ ಮಳೆಗಾಲ ಎಷ್ಟು ತಿಂಗಳು ಅಂತ ನಿಮಗೆ ನಾನು ಹೇಳಬೇಕಾ? ಆ ತಿಂಗಳುಗಳಲ್ಲೂ ಕಂತು ಕಟ್ಟಬೇಕು.

ಕಾಟೇಜಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಭಾಗ ಬಚ್ಚಲಿಗೆ ಹಾಕಿ. ಮೂರೂ ಕೋಣೆಗೆ ಒಳಗಿಂದಲೇ ಹೋಗುವಂಥ ಶೌಚಾಲಯ ಇರಲಿ. ಹಂಡೆ ಒಲೆ ತೆಗೆಯಬೇಡಿ, ಬಂದವರಿಗೆ ಆ ನೀರೇ ಇಷ್ಟವಾಗುತ್ತದೆ, ಆದರೆ ರಾತ್ರಿ ಹನ್ನೊಂದಕ್ಕೆ ಬಂದಿಳಿದವರಿಗಾಗಿ ಗೀಸರ್ ಕೂಡ ಇರಲಿ. ಹೊಸ ಶೌಚದ ಗುಂಡಿ ಬಾವಿಯಿಂದ ಎಷ್ಟು ದೂರ, ಎತ್ತರದಲ್ಲಿದೆಯಾ ತಗ್ಗಿನಲ್ಲಿದೆಯಾ ನೋಡಿ. ಇಳಿಜಾರಿನ ತೋಟದಲ್ಲಿ ಗುಂಡಿ ಮೇಲಿದ್ದು ಬಾವಿ ಕೆಳಗಿದ್ದರೆ ಮೊದಲು ಕಾಯಿಲೆ ಬೀಳುವವರು ನಿಮ್ಮ ಮನೆಯವರೇ.

ಇಷ್ಟಾದ ಮೇಲೆ ಅರ್ಜಿ. ಖಾತೆ, ಗುರುತಿನ ಚೀಟಿ, ಕೋಣೆಗಳ ಫೋಟೊ, ಪಂಚಾಯಿತಿ ಪತ್ರ, ಪೊಲೀಸ್ ಠಾಣೆಯ ಪತ್ರ ಇವಿಷ್ಟು ಒಂದೇ ಫೈಲಿನಲ್ಲಿ ಸಿದ್ಧವಿರಲಿ. ಜಿಲ್ಲಾ ಪ್ರವಾಸೋದ್ಯಮ ಕಚೇರಿಯಿಂದ ಮನೆ ನೋಡಲು ಬರುತ್ತಾರೆ. ಏಜೆಂಟರಿಗೆ ದುಡ್ಡು ಕೊಡುವ ಮೊದಲು ಒಮ್ಮೆ ನೀವೇ ಚಿಕ್ಕಮಗಳೂರಿನ ಆ ಕಚೇರಿಗೆ ಹೋಗಿ ಈಗಿನ ಪಟ್ಟಿ ಕೇಳಿ ಬರೆದುಕೊಂಡು ಬನ್ನಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ್ದೂ ಒಂದು ಯೋಜನೆ ಇದೆ, ಸಿಲ್ವರ್ ಮತ್ತು ಗೋಲ್ಡ್ ಅಂತ ಎರಡು ದರ್ಜೆ, ಒಂದರಿಂದ ಆರು ಕೋಣೆ, ಹೆಚ್ಚೆಂದರೆ 12 ಹಾಸಿಗೆ. ಮೊದಲು ರಾಜ್ಯದ್ದು ಮಾಡಿಸಿ. ಕೇಂದ್ರದ್ದು ಆಮೇಲೆ ನೋಡಿದರಾಯಿತು.

ಅಡುಗೆ ಕೊಡುತ್ತೀರಿ ಅಂತಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, ಸಣ್ಣ ವಹಿವಾಟಿಗೆ ವರ್ಷಕ್ಕೆ 100 ರೂಪಾಯಿ ಅಷ್ಟೇ. ಮನೆ ಬಳಕೆಯ 14.2 ಕೆ.ಜಿ. ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ, ಅತಿಥಿಗಳ ಅಡುಗೆಗೆ 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರ್ ತೆಗೆದಿಟ್ಟರೆ ಯಾರ ಕಾಟವೂ ಇಲ್ಲ.

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ಹಳೇ ಮನೆಗೆ ಬೀಗ ಹಾಕಿದೆ. ನಾವು ಬೆಂಗಳೂರಿನಲ್ಲಿದ್ದೇವೆ. ಒಬ್ಬ ಕೆಲಸದವರನ್ನು ಇಟ್ಟು ಹೋಮ್‌ಸ್ಟೇ ಅಂತ ನೋಂದಾಯಿಸಬಹುದಾ?

ಉತ್ತರ: ಇಲ್ಲ. ಮನೆಯವರು ಇಲ್ಲದ ಮನೆ ಹೋಮ್‌ಸ್ಟೇ ಅಲ್ಲ. ಚಿಕ್ಕಮ್ಮನೋ ದೊಡ್ಡಪ್ಪನೋ ಬಂದು ನಿಜವಾಗಿ ಅಲ್ಲೇ ವಾಸ ಮಾಡುವುದಾದರೆ ಯೋಚಿಸಿ. ಬರೀ ರೇಷನ್ ಕಾರ್ಡಿನಲ್ಲಿ ವಾಸ ತೋರಿಸುವ ಐಡಿಯಾ ಬೇಡ. ತಪಾಸಣೆಗೆ ಬಂದವರಿಗೆ ಒಲೆಯಲ್ಲಿ ಬೂದಿ ಇದೆಯಾ, ಅಂಗಳದಲ್ಲಿ ಬಟ್ಟೆ ಒಣಗುತ್ತಿದೆಯಾ ನೋಡಿದರೆ ಸಾಕು, ಗೊತ್ತಾಗುತ್ತದೆ.

ಪ್ರಶ್ನೆ: ನೋಂದಣಿ ಆಗಿದೆ. ಆ್ಯಪ್‌ನಲ್ಲಿ ಹಾಕಿದರೆ ಜಿಎಸ್‌ಟಿ ಮಾಡಿಸಲೇಬೇಕು ಅಂತ ಒಬ್ಬರು ಹೆದರಿಸಿದರು. ಕೊಡಗಿನವರು ನಾವು, ವಿದೇಶಿಯರೂ ಕೇಳುತ್ತಿದ್ದಾರೆ.

ಉತ್ತರ: ಹೆದರಬೇಡಿ. ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟದಿದ್ದರೆ ಆ್ಯಪ್ ಮೂಲಕ ಬಂದ ಕೋಣೆ ಬಾಡಿಗೆಯ ತೆರಿಗೆಯನ್ನು ಆ್ಯಪ್ ಕಂಪನಿಯೇ ಕಟ್ಟಬೇಕು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ದರ ಶೇ. 5. ಆದರೆ ಒಟ್ಟು ವಹಿವಾಟಿನ ಲೆಕ್ಕಕ್ಕೆ ತೆರಿಗೆ ಇಲ್ಲದ ಮಾರಾಟವೂ ಸೇರುತ್ತದೆ. ತೋಟ ದೊಡ್ಡದಿದ್ದರೆ ಕಾಫಿ ಮಾರಿದ ಬಿಲ್ಲುಗಳನ್ನೂ ಆಡಿಟರ್ ಮುಂದೆ ಇಡಿ, ತುಂಬಾ ಜನ ಇದನ್ನು ಹೇಳುವುದೇ ಇಲ್ಲ.

ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ III (2025ರವರೆಗೆ ಫಾರ್ಮ್ ಸಿ ಅನ್ನುತ್ತಿದ್ದದ್ದು) ಆನ್‌ಲೈನ್‌ನಲ್ಲಿ ತುಂಬಬೇಕು. ಪಾಸ್‌ಪೋರ್ಟ್, ವೀಸಾ ಎರಡರ ಫೋಟೊ ಬಂದ ತಕ್ಷಣ ತೆಗೆದುಕೊಳ್ಳಿ, ಬೆಳಗ್ಗೆ ಅವರು ಬೇಗ ಎದ್ದು ಹೊರಟಿರುತ್ತಾರೆ. ನಮ್ಮವರದ್ದೂ ಹೆಸರು, ವಿಳಾಸ, ಗಾಡಿ ನಂಬರ್ ರಿಜಿಸ್ಟರಿನಲ್ಲಿ ಇರಲಿ. ಹೋಮ್‌ಮೇಡ್ ವೈನ್ ಮಾರಬೇಡಿ, ಅದಕ್ಕೂ ಅಬಕಾರಿ ಲೈಸೆನ್ಸ್ ಬೇಕು. ರಾತ್ರಿ ಹೊಳೆ, ಕೆರೆ ಕಡೆಗೆ ಅತಿಥಿಗಳನ್ನು ಕರೆದುಕೊಂಡು ಹೋಗಲೇಬೇಡಿ. 2025ರ ಮಾರ್ಚ್‌ನಲ್ಲಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಹತ್ತಿರ ರಾತ್ರಿ ಕಾಲುವೆ ಬಳಿ ಕೂತಿದ್ದ ಹೋಮ್‌ಸ್ಟೇ ಒಡತಿ ಮತ್ತು ಅತಿಥಿಗಳ ಮೇಲೆ ದಾಳಿಯಾಗಿ ಒಬ್ಬ ಅತಿಥಿ ಸತ್ತದ್ದನ್ನು ಎಲ್ಲರೂ ಓದಿದ್ದೇವೆ. ನಿಮ್ಮಲ್ಲಂತೂ ಆನೆ ಬೇರೆ. ಏಳು ಗಂಟೆಯ ಮೇಲೆ ಗೇಟು ದಾಟುವಂತಿಲ್ಲ ಅಂತ ಬುಕ್ಕಿಂಗ್ ಮಾಡುವಾಗಲೇ ಹೇಳಿ. ಒಪ್ಪದವರು ಬೇರೆ ಕಡೆ ಹೋಗಲಿ ಬಿಡಿ.