ಪ್ರೋಸ್ಟೇಟ್ ಮಾತ್ರೆಯಿಂದ ಹೃದಯಕ್ಕೂ ಲಾಭವಿದೆಯಾ?

ಅಪ್ಪ ಪ್ರೋಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ತಗೊಳ್ತಿದ್ದಾರೆ, ಅದೇ ತೊಂದರೆಗೆ ಕೊಡುವ ಫಿನಾಸ್ಟೆರೈಡ್ ಹೃದಯಕ್ಕೂ ಒಳ್ಳೆಯದಂತೆ, ಬದಲಾಯಿಸಬಹುದಾ ಎಂದು ಕೇಳಿದ್ದೀರಿ. ಅದೊಂದೇ ಕಾರಣಕ್ಕೆ ದಯವಿಟ್ಟು ಬೇಡ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಫಿನಾಸ್ಟೆರೈಡ್ ತಗೊಳ್ಳುವ ಗಂಡಸರಲ್ಲಿ ಕೊಲೆಸ್ಟ್ರಾಲ್ ಕಡಿಮೆ ಕಂಡಿತ್ತು. ಇಲಿಗಳಲ್ಲಿ ರಕ್ತನಾಳದ ಕೊಬ್ಬೂ ಇಳಿದಿತ್ತು. ಆದರೆ ಇಲಿಗಳಿಗೆ ಕೊಟ್ಟ ಡೋಸ್ ತುಂಬಾ ಜಾಸ್ತಿ. ಗಂಡಸರ ಲೆಕ್ಕ ಹಳೆಯ ಸಮೀಕ್ಷೆಯಿಂದ ತೆಗೆದದ್ದು, ಮಾತ್ರೆ ಕೊಟ್ಟು ಪರೀಕ್ಷಿಸಿದ್ದಲ್ಲ. ಹೃದಯಾಘಾತ ತಪ್ಪಿತು ಅಂತ ಅದರಿಂದ ಹೇಳಲಾಗದು, ಅಲ್ವಾ?

ಟ್ಯಾಮ್ಸುಲೋಸಿನ್ ಮೂತ್ರದ ದಾರಿಯ ಸ್ನಾಯು ಸಡಿಲಿಸುತ್ತದೆ, ಬೇಗ ಆರಾಮ ಕೊಡುತ್ತದೆ. ಅದೇ ಗುಂಪಿನ ಡಾಕ್ಸಾಜೋಸಿನ್ ವಿಷಯದಲ್ಲಿ ಮಾತ್ರ ಎಚ್ಚರ. ಬಿಪಿ ಮಾತ್ರೆಗಳ ದೊಡ್ಡ ಪ್ರಯೋಗವಾದ ಆಲ್‌ಹ್ಯಾಟ್‌ನಲ್ಲಿ ಅದನ್ನು 2000ದಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಹಳೆಯ ಮೂತ್ರವರ್ಧಕ ಮಾತ್ರೆಗೆ ಹೋಲಿಸಿದರೆ ಹಾರ್ಟ್ ಫೇಲ್ಯೂರ್ ಸುಮಾರು ಎರಡು ಪಟ್ಟು ಇತ್ತು.

ಅಪ್ಪನಿಗೆ ಬಿಪಿ ಮಾತ್ರೆಯೂ ಇದೆ ಎಂದಿದ್ದೀರಿ. ನನಗೆ ಜಾಸ್ತಿ ಚಿಂತೆ ಅದರದ್ದೇ. ಟ್ಯಾಮ್ಸುಲೋಸಿನ್ ಜೊತೆ ಸೇರಿ ಬಿಪಿ ಇಳಿದು, ರಾತ್ರಿ ಮೂತ್ರಕ್ಕೆ ಏಳುವಾಗ ತಲೆಸುತ್ತಿ ಬೀಳಬಹುದು. ಮಂಚದ ಮೇಲೆ ಸ್ವಲ್ಪ ಕೂತು, ಆಮೇಲೆ ನಿಲ್ಲಲಿ. ಡಾಕ್ಟರಿಗೆ ಎರಡೂ ಚೀಟಿ ಒಟ್ಟಿಗೆ ತೋರಿಸಿ. ಮುಂದೆ ಫಿನಾಸ್ಟೆರೈಡ್ ಶುರುವಾದರೆ ಪಿಎಸ್‌ಎ (ಪ್ರೋಸ್ಟೇಟ್ ಕ್ಯಾನ್ಸರ್ ಸುಳಿವಿಗೆ ನೋಡುವ ರಕ್ತಪರೀಕ್ಷೆ) ಅಂಕಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಪರೀಕ್ಷೆ ಮಾಡಿಸುವಾಗ ಅದನ್ನು ಹೇಳಲೇಬೇಕು.