ಛತ್ರಿ ಒಳಗೆ ಬಿಡಲ್ವಂತೆ, ಏನ್ಮಾಡೋದು ಸಾರ್?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮಳೆಯದ್ದೇ ಮಾತು. ಫುಟ್‌ಬಾಲ್ ಬಗ್ಗೆ ಕೇಳಿ ಅಂದರೆ ಆಕಾಶದ ಬಗ್ಗೆ ಕೇಳಿದ್ದೀರಿ. ಆಗಲಿ. ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಸೀಟಿ ಊದಿ ಊದಿ ರಿಟೈರ್ ಆದ ಪಿ.ಟಿ. ಮೇಷ್ಟ್ರು ನಾನು. ಮಳೆಗೂ ನನಗೂ ಹಳೇ ಪರಿಚಯ.

ಪ್ರಶ್ನೆ: ಮಗ ಇಂಜಿನಿಯರಿಂಗ್ ಓದುತ್ತಾನೆ. ಮ್ಯಾಚ್ ಇದೆ ಅಂದರೆ ಸಾಕು, ಫ್ರೆಂಡ್ಸ್ ಜೊತೆ ಬೆಂಗಳೂರಿಗೆ ಹೊರಟುಬಿಡುತ್ತಾನೆ. ಹೋದ ಸಲ ತೊಯ್ದು ತೊಪ್ಪೆಯಾಗಿ ಬಂದು ಜ್ವರ ಅಂತ ಮಲಗಿದ. ಛತ್ರಿ ಕೊಟ್ಟರೆ ‘ಒಳಗೆ ಬಿಡಲ್ಲಮ್ಮ’ ಅಂತಾನೆ. ನಿಜಾನಾ? ಇನ್ನು ಮೇಲೆ ಕಳಿಸಲೋ ಬೇಡವೋ?
– ಗೃಹಿಣಿ, ವಿನೋಬನಗರ, ದಾವಣಗೆರೆ

ಹುಡುಗ ನಿಜವನ್ನೇ ಹೇಳಿದ್ದಾನೆ ತಾಯಿ. ದೊಡ್ಡ ಸ್ಟೇಡಿಯಂಗಳಲ್ಲಿ ಸಾಮಾನ್ಯವಾಗಿ ಛತ್ರಿ ಬಿಡಲ್ಲ. ತುದಿ ಪಕ್ಕದವರ ಕಣ್ಣಿಗೆ ಚುಚ್ಚುತ್ತೆ, ಹಿಂದೆ ಕೂತವರಿಗೆ ಆಟ ಕಾಣಲ್ಲ, ಸಿಟ್ಟು ಬಂದರೆ ಅದೇ ದೊಣ್ಣೆಯೂ ಆಗುತ್ತೆ. ಹಾಗಾಗಿ ಗೇಟಲ್ಲೇ ಕಿತ್ತಿಡುತ್ತಾರೆ.

ಕಳಿಸಿ. ಈ ವಯಸ್ಸಿನಲ್ಲಿ ನೆನೆಯದೆ ಇನ್ಯಾವಾಗ ನೆನೀತಾನೆ? 2023ರ ಜೂನ್ 21ರಂದು ಕಂಠೀರವದಲ್ಲಿ ಭಾರತ–ಪಾಕಿಸ್ತಾನ ಸ್ಯಾಫ್ (ದಕ್ಷಿಣ ಏಷ್ಯಾ ದೇಶಗಳ ಟೂರ್ನಿ) ಪಂದ್ಯ ಇತ್ತಲ್ಲ, ಮೃಗಶಿರ ಮುಗಿದು ಆರಿದ್ರಾ ಹುಟ್ಟೋ ಹೊತ್ತು. ಮಳೆ ಸುರಿಯಿತು, ಜನ ಮಾತ್ರ ಜಾಗ ಬಿಟ್ಟು ಏಳಲಿಲ್ಲ. ಸುನೀಲ್ ಛೆಟ್ರಿ ಮೂರು ಗೋಲು ಹೊಡೆದರು, ಭಾರತ 4–0 ಗೆದ್ದಿತು. ಅವತ್ತು ಅಲ್ಲಿ ನೆನೆದವರನ್ನು ಕೇಳಿ ನೋಡಿ. ಒಬ್ಬರೂ ನೆಗಡಿಯ ಸುದ್ದಿ ಎತ್ತಲ್ಲ, ಎಲ್ಲ ಗೋಲಿನ ಸುದ್ದಿಯೇ.

ನೆಗಡಿ, ಜ್ವರ ಬರೋದು ವೈರಸ್‌ನಿಂದ, ಮಳೆ ನೀರಿನಿಂದಲ್ಲ. ಆದರೆ ಒದ್ದೆ ಬಟ್ಟೆಯಲ್ಲೇ ರಾತ್ರಿ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, 260 ಕಿಲೋಮೀಟರ್ ಗಾಳಿ ಕುಡಿದರೆ ಮೈ ಬಿಸಿ ಇಳಿದೇ ಇಳಿಯುತ್ತೆ. ತಪ್ಪಿಸಬೇಕಾದ್ದು ಅದನ್ನು. ಒಂದು ಬನಿಯನ್ನು, ಒಂದು ಟೀ ಶರ್ಟು, ಒಂದು ಜೊತೆ ಸಾಕ್ಸು, ತೆಳ್ಳನೆಯ ಟವೆಲ್ಲು – ಇಷ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕೊಡಿ. ಆಟ ಮುಗಿದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಬದಲಾಯಿಸಿಕೊಳ್ಳಲಿ. ಬ್ಯಾಗ್ ಬಿಡ್ತಾರಾ ಇಲ್ವಾ ಅಂತ ಟಿಕೆಟ್‌ನ ಷರತ್ತುಗಳಲ್ಲಿ ಇರುತ್ತೆ, ಮೊದಲೇ ಓದಿಕೊಳ್ಳಲಿ. ಜೀನ್ಸ್ ಮಾತ್ರ ಬೇಡವೇ ಬೇಡ. ನೆನೆದ ಜೀನ್ಸ್ ಮಾರನೇ ದಿನವೂ ಒಣಗಲ್ಲ.

ರೇನ್‌ಕೋಟ್ ಹಾಕಿಕೊಂಡು ಮ್ಯಾಚ್ ನೋಡೋದಕ್ಕೂ ಒಂದು ಉಪಾಯ ಇದೆ. ಗೋಲು ಬಿದ್ದಾಗ ಎರಡೂ ಕೈ ಮೇಲೆ ಹೋಗುತ್ತವೆ ಅಲ್ವಾ? ಆಗ ಅಂಗೈ ಮೇಲೆ ಬಿದ್ದ ನೀರು ತೋಳಿನೊಳಗೆ ಇಳಿದು, ಮೊಣಕೈ ದಾಟಿ, ಸೀದಾ ಕಂಕುಳಿಗೆ ಬರುತ್ತೆ. ಹೊರಗೆ ಬೆಚ್ಚಗೆ, ಒಳಗೆ ಕೆರೆ. ಮಣಿಕಟ್ಟಿನ ಹತ್ತಿರ ಕೋಟಿನ ಮೇಲೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿಕೊಂಡರೆ ಮುಗೀತು. ತರಕಾರಿ ಕವರಿಗೆ ಹಾಕಿರ್ತಾರಲ್ಲ, ಅದೇ ಸಾಕು.

ಪ್ರಶ್ನೆ: ನಾಲ್ಕು ಹನಿ ಬಿದ್ದರೆ ಕ್ರಿಕೆಟ್‌ನವರು ಹೊದಿಕೆ ಎಳೆದು ಒಳಗೆ ಓಡುತ್ತಾರೆ. ಫುಟ್‌ಬಾಲ್‌ನವರು ಕೊಚ್ಚೆಯಲ್ಲೂ ಆಡುತ್ತಾರೆ. ಎಷ್ಟು ಮಳೆ ಬಂದರೆ ಫುಟ್‌ಬಾಲ್ ನಿಲ್ಲಿಸಬೇಕು ಅಂತ ಲೆಕ್ಕ ಇದೆಯಾ?
– ಪಿಯುಸಿ ವಿದ್ಯಾರ್ಥಿ, ಹರಿಹರ

ಮಿಲಿಮೀಟರ್ ಲೆಕ್ಕ ಇಲ್ಲ ತಮ್ಮಾ. ರೆಫ್ರಿಯ ಕಣ್ಣು ಮತ್ತು ಒಂದು ಚೆಂಡು, ಅಷ್ಟೇ. ರೆಫ್ರಿ ಮೈದಾನಕ್ಕೆ ಇಳಿದು ಚೆಂಡನ್ನು ಎದೆಮಟ್ಟದಿಂದ ಕೆಳಗೆ ಬಿಡುತ್ತಾರೆ. ಪುಟಿದರೆ ಸರಿ. ಪಚಕ್ ಅಂತ ಕೂತುಬಿಟ್ಟರೆ ಕಷ್ಟ. ಆಮೇಲೆ ನೆಲದ ಮೇಲೆ ಉರುಳಿಸುತ್ತಾರೆ. ನೀರಲ್ಲಿ ಸಿಕ್ಕಿ ನಿಂತರೆ ಆಟ ಸಾಧ್ಯವಿಲ್ಲ. ನಿಲ್ಲಿಸೋದು, ಕಾಯೋದು, ರದ್ದು ಮಾಡೋದು ಎಲ್ಲವೂ ನಿಯಮದ ಪ್ರಕಾರ ರೆಫ್ರಿ ಕೈಯಲ್ಲೇ ಇದೆ.

2000ದ ಮೇ 14ರಂದು ಇಟಲಿಯ ಪೆರುಜಾದಲ್ಲಿ ಹೀಗೇ ಆಯಿತು. ಲೀಗಿನ ಕೊನೇ ದಿನ. ಯುವೆಂಟಸ್ ತಂಡ ಪೆರುಜಾ ತಂಡದ ಮೇಲೆ ಗೆದ್ದರೆ ಚಾಂಪಿಯನ್. ಹಾಫ್ ಟೈಮ್ ಹೊತ್ತಿಗೆ ಜಡಿಮಳೆ. ರೆಫ್ರಿ ಪಿಯೆರ್‌ಲುಯಿಜಿ ಕೊಲಿನಾ – ಬೋಳು ತಲೆ, ದೊಡ್ಡ ಕಣ್ಣು, ನೋಡಿದವರು ಮರೆಯಲ್ಲ – ಛತ್ರಿ ಹಿಡಿದು ಬಂದು ಚೆಂಡು ಹಾಕಿ ನೋಡಿದರು, ಹೋದರು, ಮತ್ತೆ ಬಂದರು. ಒಂದು ಗಂಟೆಗೂ ಮೇಲೆ ಕಾಯಿಸಿ ಆಟ ಶುರು ಮಾಡಿಸಿದರು. ಪೆರುಜಾ ಒಂದು ಗೋಲು ಹೊಡೆಯಿತು, ಯುವೆಂಟಸ್ ಸೋತಿತು. ಅತ್ತ ರೋಮ್‌ನಲ್ಲಿ ಲಾಜಿಯೊ ತನ್ನ ಪಂದ್ಯ ಮುಗಿಸಿ ಗೆದ್ದಾಗಿತ್ತು. ಅದರ ಅಭಿಮಾನಿಗಳು ರೇಡಿಯೊ ಕಿವಿಗೆ ಒತ್ತಿಕೊಂಡು ಬೇರೆ ಊರಿನ ಮಳೆ ನಿಲ್ಲೋದನ್ನು ಕಾಯುತ್ತಿದ್ದರು. ಒಂದೇ ಒಂದು ಪಾಯಿಂಟಿನಲ್ಲಿ ಲಾಜಿಯೊ ಚಾಂಪಿಯನ್ ಆಯಿತು. ಯುವೆಂಟಸ್‌ನವರನ್ನು ಕೇಳಿದರೆ ಅವತ್ತು ಆಡಿಸಲೇಬಾರದಿತ್ತು ಅಂತಾರೆ. ನನ್ನ ಕೇಳಿದರೆ ಕೊಲಿನಾ ಮಾಡಿದ್ದು ಸರಿ. ನೀರು ಇಬ್ಬರ ಕಾಲಿಗೂ ಒಂದೇ.

ನಿಲ್ಲಿಸಿದರೆ ಏನಾಗುತ್ತೆ ಅಂತಲೂ ನೋಡು. 1961ರ ಜನವರಿಯಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್‌ನಲ್ಲಿ ಲೂಟನ್ ಮೇಲೆ ಮ್ಯಾಂಚೆಸ್ಟರ್ ಸಿಟಿ 6–2 ಮುಂದಿತ್ತು. ಆರಕ್ಕೆ ಆರೂ ಡೆನಿಸ್ ಲಾ ಒಬ್ಬರೇ ಹೊಡೆದ ಗೋಲು. 69ನೇ ನಿಮಿಷಕ್ಕೆ ಮೈದಾನ ಕೆರೆಯಾಯಿತು ಅಂತ ಪಂದ್ಯ ರದ್ದಾಯಿತು. ಆರು ಗೋಲೂ ಲೆಕ್ಕದಿಂದ ಹೋದವು. ಮತ್ತೆ ಆಡಿದಾಗ ಲಾ ಇನ್ನೂ ಒಂದು ಹೊಡೆದರು, ಆದರೆ ಸಿಟಿ 3–1ರಲ್ಲಿ ಸೋತು ಮನೆಗೆ ಹೋಯಿತು. ಅವತ್ತು ನೆನೆಯುತ್ತ ನಿಂತು ಆರು ಗೋಲಿಗೆ ಕೂಗಿದವರ ಗತಿ ಯೋಚಿಸು!

ಚಾವಣಿ ಇದ್ದರೂ ಕೆಲವೊಮ್ಮೆ ಉಪಯೋಗವಿಲ್ಲ. 2012ರ ಅಕ್ಟೋಬರ್‌ನಲ್ಲಿ ವಾರ್ಸಾದಲ್ಲಿ ಪೋಲೆಂಡ್–ಇಂಗ್ಲೆಂಡ್ ಪಂದ್ಯ. ಹೊಚ್ಚ ಹೊಸ ಸ್ಟೇಡಿಯಂ, ಮುಚ್ಚುವ ಚಾವಣಿಯೂ ಇತ್ತು. ಆದರೆ ಮಳೆ ಶುರುವಾದ ಮೇಲೆ ಆ ಚಾವಣಿಯನ್ನು ಎಳೆಯುವಂತಿರಲಿಲ್ಲ. ಪಂದ್ಯ ಮಾರನೇ ದಿನಕ್ಕೆ ಹೋಯಿತು. ಬೇಜಾರಾದ ಅಭಿಮಾನಿಗಳು ಒಂದಿಬ್ಬರು ಮೈದಾನಕ್ಕೆ ನುಗ್ಗಿ ನೀರಲ್ಲಿ ಹೊಟ್ಟೆ ಮೇಲೆ ಜಾರಿ ಆಡಿದರು. ಟಿಕೆಟ್ ದುಡ್ಡು ಅಷ್ಟಾದರೂ ವಸೂಲಾಯಿತು ಅನ್ನಿ.

ಪ್ರಶ್ನೆ: 2025ರ ಕ್ಲಬ್ ವಿಶ್ವಕಪ್‌ನಲ್ಲಿ ಚೆಲ್ಸಿ–ಬೆನ್ಫಿಕಾ ಪಂದ್ಯವನ್ನು ಗುಡುಗು ಅಂತ ಹತ್ತತ್ರ ಎರಡು ಗಂಟೆ ನಿಲ್ಲಿಸಿದರು. ಪ್ರೇಕ್ಷಕರನ್ನೂ ಗ್ಯಾಲರಿಯಿಂದ ಎಬ್ಬಿಸಿದರು. ಅಮೆರಿಕದವರದ್ದು ಅತಿಯಾಯಿತು ಅನ್ನಿಸಲ್ವಾ ಸಾರ್? ನಮ್ಮೂರ ಟೂರ್ನಮೆಂಟಿನಲ್ಲಿ ಗುಡುಗಿದರೂ ಆಡಿಸುತ್ತೇವೆ, ಏನೂ ಆಗಿಲ್ಲ.
– ಯುವಕ ಸಂಘದ ಕಾರ್ಯದರ್ಶಿ, ಹೊಳಲ್ಕೆರೆ ತಾಲ್ಲೂಕು

ಅತಿಯಾಗಿಲ್ಲ. ‘ಏನೂ ಆಗಿಲ್ಲ’ ಅನ್ನೋ ಮಾತನ್ನು ದಯವಿಟ್ಟು ಇಲ್ಲಿಗೇ ಬಿಡಿ.

ಅವತ್ತು ಷಾರ್ಲಟ್‌ನಲ್ಲಿ 86ನೇ ನಿಮಿಷ. ಚೆಲ್ಸಿ 1–0 ಮುಂದಿತ್ತು. ಹತ್ತಿರದಲ್ಲಿ ಮಿಂಚು ಹೊಡೆದರೆ ಅಲ್ಲಿ ಕನಿಷ್ಠ 30 ನಿಮಿಷ ಆಟ ನಿಲ್ಲಬೇಕು. ಆ ಹೊತ್ತಿನಲ್ಲಿ ಇನ್ನೊಂದು ಹೊಡೆದರೆ ಮತ್ತೆ ಮೊದಲಿಂದ 30 ನಿಮಿಷ. ಹೀಗೇ ಬೆಳೆದು ಎರಡು ಗಂಟೆ ಹತ್ತಿರ ಬಂತು. ವಾಪಸ್ ಬಂದ ಮೇಲೆ ಬೆನ್ಫಿಕಾ ಪೆನಾಲ್ಟಿಯಲ್ಲಿ ಸಮ ಮಾಡಿತು, ಹೆಚ್ಚುವರಿ ಸಮಯದಲ್ಲಿ ಚೆಲ್ಸಿ 4–1 ಗೆದ್ದಿತು. ಚೆಲ್ಸಿ ಕೋಚ್‌ಗೂ ನಿಮ್ಮ ಹಾಗೇ ಸಿಟ್ಟು ಬಂದಿತ್ತು. ಬರಲಿ ಬಿಡಿ. ಎಲ್ಲರೂ ಮನೆಗೆ ಹೋದರು ತಾನೇ?

2024ರ ಫೆಬ್ರವರಿಯಲ್ಲಿ ಇಂಡೊನೇಷ್ಯಾದ ಬಾಂಡುಂಗ್‌ನಲ್ಲಿ ಆಟಗಾರನೊಬ್ಬ ಸಿಡಿಲಿಗೆ ಸತ್ತ. ಅದೇ ವರ್ಷ ನವೆಂಬರ್‌ನಲ್ಲಿ ಪೆರು ದೇಶದ ಚಿಲ್ಕಾದಲ್ಲಿ ಇನ್ನೊಬ್ಬ. ಪೆರುವಿನದು ನೋಡಿ: ರೆಫ್ರಿ ಆಟ ನಿಲ್ಲಿಸಿಯಾಗಿತ್ತು, ಆಟಗಾರರು ಹೊರಗೆ ನಡೆಯುತ್ತಿದ್ದರು. ನಿಧಾನಕ್ಕೆ, ಮಾತಾಡಿಕೊಂಡು. ಅಷ್ಟರಲ್ಲಿ ಬಡಿಯಿತು.

ನಮ್ಮ ಕಡೆ ಜಿಟಿಜಿಟಿ ಮಳೆಯ ಹೆದರಿಕೆ ಇಲ್ಲ. ಆರಿದ್ರಾ ಮಳೆ ಎಷ್ಟು ಹುಯ್ದರೂ ನೆನೆಸುತ್ತೆ ಅಷ್ಟೇ. ಭಯ ಇರೋದು ಏಪ್ರಿಲ್–ಮೇ ತಿಂಗಳ ಸಂಜೆಯದ್ದು. ಮಧ್ಯಾಹ್ನವೆಲ್ಲ ಕಾದ ನೆಲ, ನಾಲ್ಕು ಗಂಟೆಗೆ ಪಡುವಣದಲ್ಲಿ ಕಪ್ಪು ಮೋಡ, ಧೂಳು ಗಾಳಿ, ಆಮೇಲೆ ಛಟೀರ್ ಅಂತ ಒಂದು. ರಜೆ ಅಂತ ನಾವು ಟೂರ್ನಮೆಂಟ್ ಇಟ್ಟುಕೊಳ್ಳೋದೂ ಅದೇ ತಿಂಗಳು, ಅದೇ ಹೊತ್ತು. ಬಯಲು ಮೈದಾನದಲ್ಲಿ ಎಲ್ಲಕ್ಕಿಂತ ಎತ್ತರ ಯಾವುದು? ಆಟಗಾರನ ತಲೆ, ಗೋಲ್ ಪೋಸ್ಟು, ನೀವು ನಿಲ್ಲಿಸಿರೋ ಕಬ್ಬಿಣದ ಪೈಪಿನ ಪೆಂಡಾಲು, ಮೈಕ್ ಕಟ್ಟಿರೋ ಬೇವಿನ ಮರ. ಮಳೆ ಬಂದಾಗ ಪ್ರೇಕ್ಷಕರೆಲ್ಲ ಓಡೋದು ಆ ಕೊನೆಯ ಎರಡರ ಕೆಳಗೇ.

ಹೀಗೆ ಮಾಡಿ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಶಬ್ದ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಬರುತ್ತೆ. 30 ಎಣಿಸೋದರೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರ್ ಒಳಗೇ ಇದೆ. ಸೀಟಿ ಊದಿ. ಸ್ಕೋರು, ಉಳಿದ ನಿಮಿಷ ಬರೆದಿಟ್ಟುಕೊಳ್ಳಿ. ಜನರನ್ನು ಶಾಲೆಯ ಪಕ್ಕಾ ಕಟ್ಟಡದೊಳಗೆ, ಇಲ್ಲವಾದರೆ ಕಿಟಕಿ ಏರಿಸಿದ ಬಸ್ಸು, ಕಾರಿನೊಳಗೆ ಕಳಿಸಿ. ಮರ ಬೇಡ, ಪೆಂಡಾಲ್ ಬೇಡ, ಗೋಲ್ ಪೋಸ್ಟ್ ಹಿಡಿದು ನಿಲ್ಲೋದು ಬೇಡ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಯಾರೂ ಹೊರಗೆ ಬರಬಾರದು. ಮುಖ್ಯ ಅತಿಥಿಗಳಿಗೆ ಹೊತ್ತಾಗುತ್ತೆ ಅಂತ ಮೈಕಿನವರು ಅವಸರ ಮಾಡಿದರೆ, ಅತಿಥಿಗಳನ್ನೂ ಒಳಗೆ ಕೂರಿಸಿ ಟೀ ಕೊಡಿ. ಸಿಡಿಲು ಬಡಿದವರನ್ನು ಮುಟ್ಟಿದರೆ ಕರೆಂಟ್ ಹೊಡೆಯುತ್ತೆ ಅನ್ನೋದು ಸುಳ್ಳು. ಮುಟ್ಟಿ, ಉಸಿರಿಲ್ಲದಿದ್ದರೆ ಎದೆ ಒತ್ತಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ನೀವು ಕಾರ್ಯದರ್ಶಿ ಅಂತ ಇದನ್ನು ಹೇಳಲೇಬೇಕು. 1988ರ ಮಾರ್ಚ್ 12ರಂದು ಕಠ್ಮಂಡುವಿನ ದಶರಥ ಸ್ಟೇಡಿಯಂನಲ್ಲಿ ನೇಪಾಳ ಮತ್ತು ಬಾಂಗ್ಲಾದೇಶದ ತಂಡಗಳು ಆಡುತ್ತಿದ್ದವು. ಇದ್ದಕ್ಕಿದ್ದಂತೆ ಆಲಿಕಲ್ಲು ಮಳೆ. ಜನ ನಿಂತಿದ್ದ ಗ್ಯಾಲರಿಗೆ ಸೂರಿಲ್ಲ. ಸೂರಿದ್ದ ಕಡೆ ನುಗ್ಗಿದವರನ್ನು ಪೊಲೀಸರು ಹಿಂದಕ್ಕೆ ಅಟ್ಟಿದರು. ಎಲ್ಲರೂ ಬಾಗಿಲ ಕಡೆ ಓಡಿದರು. ಬಾಗಿಲುಗಳಿಗೆ ಬೀಗ. ಹಿಂದಿನವರಿಗೆ ಅದು ಗೊತ್ತಿಲ್ಲ, ತಳ್ಳುತ್ತಲೇ ಇದ್ದರು. 90ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಜನರನ್ನು ಕೊಂದಿದ್ದು ಆಲಿಕಲ್ಲಲ್ಲ, ಬೀಗ. ಟಿಕೆಟ್ ಇಲ್ಲದವರು ನುಗ್ಗುತ್ತಾರೆ ಅಂತ ನಮ್ಮಲ್ಲೂ ಆಟ ಶುರುವಾದ ಮೇಲೆ ಗೇಟಿಗೆ ಸರಪಳಿ ಸುತ್ತಿ ಬೀಗ ಜಡಿಯೋ ಅಭ್ಯಾಸ ಇದೆ. ನಾಲ್ಕು ಜನ ಪುಕ್ಕಟೆ ನೋಡಿದರೆ ನಿಮ್ಮ ಸಂಘ ಮುಳುಗಲ್ಲ. ಪ್ರತಿ ಗೇಟಿಗೂ ಒಬ್ಬ ಹುಡುಗನನ್ನು ನಿಲ್ಲಿಸಿ, ಬೀಗವನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಪ್ರಶ್ನೆ: ನಿಮಗೆಲ್ಲ ಮಳೆ ಚಿಂತೆ. ನಮಗೆ ಮಳೆಯೇ ಇಲ್ಲ, ಬಿಸಿಲಲ್ಲಿ ಬೇಯುತ್ತೇವೆ. ನಮ್ಮ ಬಗ್ಗೆಯೂ ಬರೆಯಿರಿ.
– ಓದುಗರು, ಚಳ್ಳಕೆರೆ

ನಿಮ್ಮ ಸಂಕಟ ಗೊತ್ತು ಸ್ವಾಮಿ. ಮಾರಿಕಣಿವೆ ಜಲಾಶಯ 1933ರಲ್ಲಿ ತುಂಬಿದ್ದು, ಮತ್ತೆ ಕೋಡಿ ಬೀಳೋಕೆ 2022 ಬರಬೇಕಾಯಿತು. ಅಂಥ ಸೀಮೆ ನಮ್ಮದು.

ಬಿಸಿಲಿಗೂ ಫುಟ್‌ಬಾಲ್ ತಲೆಬಾಗಿದೆ. ಕತಾರ್ ವಿಶ್ವಕಪ್ಪನ್ನು ಬೇಸಿಗೆಯಿಂದ ಎತ್ತಿ 2022ರ ನವೆಂಬರ್–ಡಿಸೆಂಬರ್‌ಗೆ ಹಾಕಿದ್ದೇ ಈ ಕಾರಣಕ್ಕೆ. 2014ರಲ್ಲಿ ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ನೆದರ್ಲೆಂಡ್ಸ್–ಮೆಕ್ಸಿಕೊ ಪಂದ್ಯವನ್ನು ಮಧ್ಯದಲ್ಲಿ ನಿಲ್ಲಿಸಿ ಆಟಗಾರರಿಗೆ ನೀರು ಕೊಟ್ಟರು. ಪ್ರೇಕ್ಷಕರಿಗೆ ಯಾರೂ ಕೊಡಲ್ಲ, ನೀವೇ ನೋಡಿಕೊಳ್ಳಬೇಕು. ನೀರುಮಜ್ಜಿಗೆಗೆ ಉಪ್ಪು ಹಾಕಿ ಕುಡಿಯಿರಿ. ತಲೆಗೆ ಒದ್ದೆ ಟವೆಲ್ ಸುತ್ತಿಕೊಳ್ಳಿ. ಪಕ್ಕದವರು ಬೆವರೋದು ನಿಂತು, ಮೈ ಸುಡುತ್ತ, ಏನೇನೋ ಮಾತಾಡಲು ಶುರು ಮಾಡಿದರೆ ಅದು ಬಿಸಿಲಾಘಾತ. ನೆರಳಿಗೆ ಎಳೆದು ಮೈಮೇಲೆ ನೀರು ಹಾಕಿ, ಬೇಗ ಆಸ್ಪತ್ರೆಗೆ ಸೇರಿಸಿ. ಫೈನಲ್ ಪಂದ್ಯವನ್ನು ಮಧ್ಯಾಹ್ನ ಎರಡಕ್ಕೆ ಇಡೋ ಪದ್ಧತಿಯನ್ನಂತೂ ಬಿಡಿ.

ಪ್ರಶ್ನೆ: ವಿಶ್ವಕಪ್ ಫೈನಲ್‌ನಲ್ಲಿ ಅಧ್ಯಕ್ಷರುಗಳೇ ನೆನೆದರಂತೆ, ಹೌದಾ?
– ಓದುಗರು, ಚಿತ್ರದುರ್ಗ

ಹೌದು. 2018ರ ಜುಲೈ 15, ಮಾಸ್ಕೊ. ಫ್ರಾನ್ಸ್ 4–2ರಿಂದ ಕ್ರೊಯೇಷ್ಯಾವನ್ನು ಸೋಲಿಸಿತ್ತು. ಪದಕ ಕೊಡುವಾಗ ಧೋ ಅಂತ ಸುರಿಯಿತು. ಮೊದಲ ಛತ್ರಿ ಬಿಚ್ಚಿದ್ದು ಆತಿಥೇಯ ಪುಟಿನ್ ತಲೆಯ ಮೇಲೆ. ಫ್ರಾನ್ಸಿನ ಮ್ಯಾಕ್ರಾನ್, ಕ್ರೊಯೇಷ್ಯಾದ ಅಧ್ಯಕ್ಷೆ ಇಬ್ಬರೂ ನೆನೆಯುತ್ತಲೇ ಒಬ್ಬೊಬ್ಬ ಆಟಗಾರನನ್ನೂ ತಬ್ಬಿಕೊಂಡರು. ಬೀಗರನ್ನು ಕರೆಸಿ ಛತ್ರಿ ತಾನು ಹಿಡಿದುಕೊಂಡರೆ ನಮ್ಮ ಕಡೆ ಮದುವೆಯೇ ಮುರಿದುಬೀಳುತ್ತಿತ್ತು.

ಪ್ರಶ್ನೆ: ನಮ್ಮದು ಎರೆ ನೆಲ. ಮಳೆಯಲ್ಲಿ ಆಡಿದರೆ ಬೂಟಿಗೆ ಸೇರುಗಟ್ಟಲೆ ಮಣ್ಣು. ಹಿಂದಿನವರ ಹಾಗೆ ಬರಿಗಾಲಲ್ಲಿ ಆಡಬಹುದಾ? ನೆನೆದ ಬೂಟನ್ನು ಬೇಗ ಒಣಗಿಸೋದು ಹೇಗೆ?
– ಹೈಸ್ಕೂಲ್ ಆಟಗಾರ, ಜಗಳೂರು

ಬರಿಗಾಲು ಬೇಡಪ್ಪಾ. 1911ರ ಜುಲೈ 29ರಂದು ಕಲ್ಕತ್ತಾದ ಮೋಹನ್ ಬಾಗಾನ್ ತಂಡ ಬ್ರಿಟಿಷರ ರೆಜಿಮೆಂಟ್ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ ಹನ್ನೊಂದು ಜನರಲ್ಲಿ ಒಬ್ಬರ ಕಾಲಲ್ಲಿ ಮಾತ್ರ ಬೂಟು ಇತ್ತು, ನಿಜ. ಆದರೆ ಕಲ್ಕತ್ತಾ ಲೀಗ್ ನಡೆಯುತ್ತಿದ್ದದ್ದು ಮಳೆಗಾಲದಲ್ಲಿ. ಕೆಸರಾದರೆ ಬರಿಗಾಲಿನವರು ಜಾರಿ ಬೀಳುತ್ತಿದ್ದರು. ಒದ್ದೆ ಮೈದಾನಕ್ಕೆ ಬೂಟು ಹಾಕಿ ಇಳಿದ ಮೊಹಮ್ಮಡನ್ ಸ್ಪೋರ್ಟಿಂಗ್ 1934ರಿಂದ ಸತತ ಐದು ವರ್ಷ ಆ ಲೀಗ್ ಗೆದ್ದಿತು. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನ ಚಳಿಯಲ್ಲಿ ನಮ್ಮವರು ಬಹುತೇಕ ಬರಿಗಾಲಲ್ಲೇ ಆಡಿ ಯುಗೊಸ್ಲಾವಿಯಾ ಮೇಲೆ 10–1ರಿಂದ ಸೋತರು. ಆಮೇಲೆ ಬೂಟು ಕಡ್ಡಾಯವಾಯಿತು.

ಎರೆ ಮಣ್ಣನ್ನು ಒಣಗಲು ಬಿಡಬೇಡ, ಹಸಿ ಇದ್ದಾಗಲೇ ಕಡ್ಡಿಯಿಂದ ಕೆರೆದು ತೆಗೆ. ಆಟಕ್ಕೆ ಮೊದಲು ಅಟ್ಟೆಗೆ ಸ್ವಲ್ಪ ಅಡುಗೆ ಎಣ್ಣೆ ಸವರಿದರೆ ಅಂಟೋದು ಕಮ್ಮಿ. ಸಿಮೆಂಟ್ ನೆಲದ ಮೇಲೆ ಮಾತ್ರ ಆ ಬೂಟಲ್ಲಿ ಓಡಬೇಡ, ಜಾರುತ್ತೆ. ಮನೆಗೆ ಬಂದ ಮೇಲೆ ಒಳಗಿನ ಅಟ್ಟೆ ಹೊರಗೆ ತೆಗೆದು, ಹಳೇ ನ್ಯೂಸ್‌ಪೇಪರ್ ಉಂಡೆ ಮಾಡಿ ಬೂಟಿನ ತುದಿವರೆಗೆ ತುರುಕು. ಎರಡು ಗಂಟೆಗೊಮ್ಮೆ ಬದಲಾಯಿಸು. ಫ್ಯಾನ್ ಕೆಳಗಿಡು. ಒಲೆ ಮುಂದೆ ಇಟ್ಟರೆ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯುತ್ತೆ, ಹೊಸ ಬೂಟಿಗೆ ಅಪ್ಪನ ಹತ್ತಿರ ನೀನೇ ಕೇಳಬೇಕಾಗುತ್ತೆ.